ಹತ್ತುವಾಗ ಎಂಜಿನ್, ಇಳಿಯುವಾಗ ಸ್ಟೀರಿಂಗ್

ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ, ಮಸಿನಗುಡಿ ಮೇಲೆ ಊಟಿಗೆ ಹೋಗುವವರು ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಬೇಕು. ಚಾಮರಾಜನಗರದಿಂದ ಹಾಸನೂರು ಮೇಲೆ ಸತ್ಯಮಂಗಲಕ್ಕೆ ಹೊರಟವರು ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಒಂದೇ ಜಿಲ್ಲೆಯ ಎರಡು ಊರು, ಎರಡು ತದ್ವಿರುದ್ಧ ದಾರಿ. ಅಂಬಾಸಿಡರ್, ಪದ್ಮಿನಿ ಕಾರುಗಳ ಕಾಯಿಲೆ ಗೊತ್ತಾಗಬೇಕಾದರೆ ಈ ಎರಡು ಘಾಟಿಗಳೇ ಸಾಕು.

ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಗೆ ತಯಾರಿಕೆ ಶುರುವಾಗಿ, 2014ರಲ್ಲಿ ನಿಂತಿತು. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ತಯಾರಾದದ್ದು ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ. ಭಾರತದಲ್ಲೇ ಕಾರು ಮಾಡಬೇಕೆಂದು 1930ರ ದಶಕದಲ್ಲಿ ಯೋಜನೆ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಮೈಸೂರು ಸಂಸ್ಥಾನದಲ್ಲಿ ಅದು ಕೈಗೂಡಲಿಲ್ಲ. ಅದೇ ಹಂಬಲವಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದರು. ಕೈತಪ್ಪಿದ ಆ ಕಾರ್ಖಾನೆಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಏರು. ಎರಡನೇ ಗೇರಿನಲ್ಲಿ ಎಂಜಿನ್ ಜೋರಾಗಿ ತಿರುಗುತ್ತದೆ, ಕಾರು ಮಾತ್ರ ತೆವಳುತ್ತದೆ; ರೇಡಿಯೇಟರಿಗೆ ಎದುರುಗಾಳಿ ಸಾಲದು. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ನೀರು ಬೇಗ ಕುದಿಯುತ್ತದೆ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ತೆರೆದ ಪಾತ್ರೆಯ ನೀರಿಗೆ 93 ಡಿಗ್ರಿ ಸೆಲ್ಸಿಯಸ್ ಸಾಕು. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಇದನ್ನು ತಡೆಯುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಎಂಜಿನ್ ‘ಬಾಯ್ಲ್’ ಆಯಿತೆಂದೇ ಲೆಕ್ಕ.

ಇದಕ್ಕಿಂತ ಹೆಚ್ಚು ಕಾಡುವುದು ಪೆಟ್ರೋಲು. ಪದ್ಮಿನಿಯಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಹೀರಿದಾಗ ಪೈಪಿನಲ್ಲಿ ಒತ್ತಡ ಕಡಿಮೆಯಾಗುತ್ತದೆ, ಪಂಪು ಬಿಸಿಯಾಗಿರುತ್ತದೆ. ಪೆಟ್ರೋಲಿನ ಹಗುರ ಅಂಶಗಳು ಅಲ್ಲೇ ಆವಿಯಾಗುತ್ತವೆ. ಪಂಪು ಆವಿಯನ್ನೇ ಹಿಸುಕುತ್ತ ಕೂರುತ್ತದೆ, ಕಾರ್ಬೊರೇಟರಿಗೆ ಹನಿಯೂ ಹೋಗುವುದಿಲ್ಲ. ತಮಾಷೆಯೆಂದರೆ, ‘ಸ್ವಲ್ಪ ತಣಿಯಲಿ’ ಎಂದು ಎಂಜಿನ್ ಆಫ್ ಮಾಡಿದ ಮೊದಲ ಕೆಲವು ನಿಮಿಷಗಳಲ್ಲೇ ಇದು ಹೆಚ್ಚು: ಫ್ಯಾನು ನಿಂತಿರುತ್ತದೆ, ಎಂಜಿನ್ನಿನ ಕಾವೆಲ್ಲ ಪಂಪಿಗೆ ಏರುತ್ತದೆ. ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಅಪ್ಪಟ ವಿಜ್ಞಾನ. ಆವಿ ತಣಿದು ಮತ್ತೆ ದ್ರವವಾಗುತ್ತದೆ. ಇವತ್ತಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಕೂತು ಪೆಟ್ರೋಲನ್ನು ಒತ್ತಡದಲ್ಲಿ ತಳ್ಳುತ್ತದೆ. ಹಾಗಾಗಿ ಆ ಬಟ್ಟೆಗೆ ಕೆಲಸವಿಲ್ಲ.

ದಿಂಬಂನಲ್ಲಿ ಇಳಿಯುವಾಗ ಎಂಜಿನ್ ನಿರಾಳ, ಕಷ್ಟವೆಲ್ಲ ಸ್ಟೀರಿಂಗಿಗೆ. ಅಂಬಾಸಿಡರಿನದು ರ‍್ಯಾಕ್ ಅಂಡ್ ಪಿನಿಯನ್: ಹಲ್ಲಿನ ಸರಳನ್ನು ಪುಟ್ಟ ಹಲ್ಲುಚಕ್ರ ಎಡಬಲ ಸರಿಸುತ್ತದೆ, ಕೀಲುಗಳು ಕಡಿಮೆ. ಪದ್ಮಿನಿಯಲ್ಲಿ ಸ್ಟೀರಿಂಗ್ ಬಾಕ್ಸ್. ಒಳಗಿನ ಸುರುಳಿ ದಂಡ ಒಂದು ತೋಳನ್ನು ತಿರುಗಿಸಿ, ಹಲವು ರಾಡುಗಳ ಮೂಲಕ ಚಕ್ರ ಹೊರಳಿಸುತ್ತದೆ. ಒಂದೊಂದು ಕೀಲೂ ಕೂದಲೆಳೆಯಷ್ಟು ಸವೆದರೆ ಸಾಕು, ಅದೆಲ್ಲ ಕೂಡಿ ಸ್ಟೀರಿಂಗಿನಲ್ಲಿ ಎರಡು ಬೆರಳಿನ ‘ಪ್ಲೇ’ ಆಗುತ್ತದೆ. ಅಷ್ಟು ತಿರುಗಿಸಿದರೂ ಚಕ್ರ ಕದಲುವುದಿಲ್ಲ.

ಪ್ಲೇ ತೆಗೆಯಲು ಬಾಕ್ಸಿನ ಮೇಲೊಂದು ಸ್ಕ್ರೂ ಇರುತ್ತದೆ. ಅದನ್ನು ಬಿಗಿದುಬಿಟ್ಟರೆ ಮುಗಿಯಿತು ಅನ್ನುವವರೇ ಹೆಚ್ಚು, ಎಡವಟ್ಟಾಗುವುದೂ ಅಲ್ಲೇ. ಕಾರು ಬಹುಪಾಲು ನೇರ ಓಡುವುದರಿಂದ ಸುರುಳಿಯ ನಡುಭಾಗ ಸವೆದಿರುತ್ತದೆ, ತುದಿಗಳು ಹೊಸದರಂತೆಯೇ ಇರುತ್ತವೆ. ನಡುವಿಗೆ ಸರಿಹೋಗುವಷ್ಟು ಬಿಗಿದರೆ ಪೂರ್ತಿ ತಿರುಗಿಸಿದಾಗ ಬಾಕ್ಸ್ ಹಿಡಿದುಕೊಳ್ಳುತ್ತದೆ. ಗುಂಡ್ಲುಪೇಟೆಯ ನೇರ ರಸ್ತೆಯಲ್ಲಿ ಇದು ಗೊತ್ತೇ ಆಗದು. ಗೊತ್ತಾಗುವುದು ಹೇರ್‌ಪಿನ್ ತಿರುವಿನಲ್ಲಿ, ಸ್ಟೀರಿಂಗ್ ವಾಪಸ್ ಬರದೆ ನಿಂತಾಗ. ಹಾಗಾಗಿ ಘಾಟಿಗೆ ಹೊರಡುವ ಮುನ್ನ ಮುಂದಿನ ಚಕ್ರ ಎರಡನ್ನೂ ಜಾಕಿಯಲ್ಲಿ ಎತ್ತಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಬೇಕು. ಎಲ್ಲಾದರೂ ಬಿಗಿ ಹಿಡಿದರೆ ಸ್ಕ್ರೂ ಸಡಿಲಿಸಿ, ಸವೆದ ಭಾಗವನ್ನೇ ಬದಲಾಯಿಸುವುದು ಸರಿ.