ಫಟಫಟಿಯ ಮಾರಿ, ಫಟಫಟಿಯ ದನಿ

ನಮ್ಮ ಬೆಳಗಾವಿಯ ಕಡೆ ಮೋಟಾರ್ ಸೈಕಲ್ಲಿಗೆ ‘ಫಟಫಟಿ’ ಎಂದು ಹೆಸರು. ಯಂತ್ರದ ಅಂದವನ್ನಾಗಲಿ ವೇಗವನ್ನಾಗಲಿ ನೋಡದೆ, ಅದು ಮಾಡುವ ಸದ್ದಿನಿಂದಲೇ ಅದನ್ನು ಗುರುತಿಸಿದವರು ನಮ್ಮ ಹಿರಿಯರು. 2018ರಲ್ಲಿ ಜಾವಾ ಮೋಟಾರ್ ಸೈಕಲ್ ಹೊಸ ರೂಪದಲ್ಲಿ ಮರಳಿ ಬಂದಾಗ ಹೊಸ ಗಿರಾಕಿಗಳು ಮುಗಿಬಿದ್ದರು, ಹಳೆಯ ಅಭಿಮಾನಿಗಳಲ್ಲಿ ಮಾತ್ರ ಎರಡು ಪಂಗಡಗಳಾದವು. ಅದೇಕೆಂದು ವಿಚಾರಿಸುವವನಿಗೆ ಈ ಹೆಸರಿನಲ್ಲಿಯೇ ಅರ್ಧ ಉತ್ತರ ದೊರೆಯುವುದು.

ಜಾವಾದ ಮೂಲ ಪ್ರಾಗ್ ನಗರ. 1929ರಲ್ಲಿ ಫ್ರಾಂತಿಶೆಕ್ ಜಾನೆಚೆಕ್ ಎಂಬವರು ತಮ್ಮ ಹೆಸರಿನ ‘ಜಾ’ಕ್ಕೆ ವಾಂಡರರ್ ಎಂಬ ಜರ್ಮನ್ ಕಂಪನಿಯ ‘ವಾ’ ಕೂಡಿಸಿ ಈ ಹೆಸರಿಟ್ಟರು. ನಮ್ಮ ನಾಡಿಗೆ ಅದನ್ನು ತಂದವರು ಇರಾನಿ ಮನೆತನದವರು. ಮೈಸೂರಿನ ಯಾದವಗಿರಿಯಲ್ಲಿದ್ದ ‘ಐಡಿಯಲ್ ಜಾವಾ’ ಕಾರಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಅವಕ್ಕೆ ‘ಯೆಜ್ಡಿ’ ಎಂಬ ಹೆಸರಾಯಿತು. 1996ರಲ್ಲಿ ಕಾರಖಾನೆಯ ಬಾಗಿಲು ಮುಚ್ಚಿತು. ಗಾಡಿಗಳೇನೋ ನಿಲ್ಲಲಿಲ್ಲ. ಇಂದಿಗೂ ನಮ್ಮ ಹಿಂದವಾಡಿಯ ಓಣಿಗಳಲ್ಲಿ ಒಂದು ಹಳೆಯ ಯೆಜ್ಡಿ ಹಾದುಹೋದರೆ ಮನೆಯೊಳಗೆ ಕುಳಿತವರಿಗೂ ತಿಳಿಯುತ್ತದೆ.

ಆ ಸದ್ದಿಗೆ ಕಾರಣ ಅದರ ಎರಡು ಹೊಡೆತದ ಎಂಜಿನ್. ಸಾಮಾನ್ಯವಾದ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ದಂಡವು ಎರಡು ಸುತ್ತು ತಿರುಗಿದಾಗ ಒಮ್ಮೆ ಪೆಟ್ರೋಲು ಉರಿದರೆ, ಇದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಕವಾಟಗಳಿಲ್ಲ, ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಹಾಕಬೇಕು. ರಚನೆ ಇಷ್ಟು ಸರಳವಾದುದರಿಂದ ನಾಲ್ಕಾರು ಪಾನೆಗಳಿದ್ದರೆ ರಸ್ತೆಯ ಬದಿಗೇ ಬಿಚ್ಚಿ ಜೋಡಿಸಬಹುದು. ಇನ್ನೊಂದು ಚಮತ್ಕಾರವುಂಟು: ಎಡಗಾಲಿನ ಗಿಯರಿನ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ ಆಗುತ್ತದೆ! ಹೊಸಬನು ಹಳೆಯ ಜಾವಾದ ಬಲಗಡೆ ನಿಂತು ಕಿಕ್ ಹುಡುಕುವುದನ್ನು ನೋಡಿ ನಗದ ಜಾವಾ ಸವಾರನಿಲ್ಲ.

ಆದರೆ ಈ ಎಂಜಿನ್ನಿಗೆ ಒಂದು ದೊಡ್ಡ ದೋಷ. ಉರಿಯದ ಪೆಟ್ರೋಲಿನಲ್ಲಿ ಒಂದಂಶ ಹೊಗೆಯೊಡನೆ ಹಾಗೆಯೇ ಹೊರಗೆ ಹೋಗುತ್ತದೆ, ಬೆರೆಸಿದ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತದೆ. ಇಂದಿನ ಮಾಲಿನ್ಯದ ಕಾಯದೆಗಳ ಮುಂದೆ ಅದು ನಿಲ್ಲುವಂತಿಲ್ಲ.

ಆದುದರಿಂದ ಮಹೀಂದ್ರಾದವರ ಬಹುಪಾಲು ಬಂಡವಾಳವಿರುವ, ಇರಾನಿ ಮನೆತನದ ಬೊಮನ್ ಇರಾನಿಯವರೂ ಪಾಲುದಾರರಾಗಿರುವ ‘ಕ್ಲಾಸಿಕ್ ಲೆಜೆಂಡ್ಸ್’ ಸಂಸ್ಥೆ 2018ರ ನವೆಂಬರಿನಲ್ಲಿ ಜಾವಾವನ್ನು ಮರಳಿ ತಂದಾಗ, ಒಳಗಿದ್ದುದು ನಾಲ್ಕು ಹೊಡೆತದ, ನೀರಿನಂಥ ದ್ರವದಿಂದ ತಂಪಾಗುವ 293 ಸಿ.ಸಿ. ಎಂಜಿನ್. ಶಕ್ತಿ 27 ಅಶ್ವಶಕ್ತಿ, ಅಂದರೆ ಅರವತ್ತರ ದಶಕದ ಜಾವಾಕ್ಕಿಂತ ಎರಡು ಪಟ್ಟು ಮೀರಿದುದು. ಹೊರಗೆ ಮಾತ್ರ ಅದೇ ದುಂಡು ದೀಪ, ಅದೇ ಹನಿಯಾಕಾರದ ಟಾಕಿ, ಅದೇ ಜೋಡಿ ಸೈಲೆನ್ಸರು. ಕಿಕ್ ಇಲ್ಲ, ಗುಂಡಿ ಒತ್ತಿದರೆ ಸಾಕು. ದಿಲ್ಲಿಯ ಅಂಗಡಿ ಬೆಲೆ ಆಗ 1,64,000 ರೂಪಾಯಿ ಇತ್ತು. ತರುಣರಿಗಾಗಿ ‘ಫಾರ್ಟಿ ಟೂ’ ಎಂಬ ಇನ್ನೊಂದನ್ನು 1,55,000ಕ್ಕೆ ಇಟ್ಟರು. ಡಿಸೆಂಬರ್ ಮುಗಿಯುವ ಮೊದಲೇ ಮುಂದಿನ ಸೆಪ್ಟೆಂಬರಿನ ತನಕದ ಗಾಡಿಗಳೆಲ್ಲ ಮಾರಿಹೋಗಿ, ಆನ್‌ಲೈನ್ ಮುಂಗಡ ನೋಂದಣಿಯನ್ನೇ ನಿಲ್ಲಿಸಬೇಕಾಯಿತು.

ಹೊಸ ಗಿರಾಕಿಗಳಲ್ಲಿ ಬಹಳ ಮಂದಿ ನನ್ನಂಥವರು, 1996ರ ಅನಂತರ ಹುಟ್ಟಿದವರು. ಜಾವಾ ಎಂದರೆ ಅವರಿಗೆ ಒಂದು ಚಿತ್ರ. ಆ ಚಿತ್ರ ಹಾಗೆಯೇ ಕೈಗೆ ಬಂದಿತು, ಮೇಲಾಗಿ ನಂಬಿಕೆಯ ಎಂಜಿನ್ ಬಂದಿತು. ಹಳಬರಿಗೆ ಅದು ಚಿತ್ರವಲ್ಲ, ದನಿ. ಅವರಲ್ಲಿ ಒಂದು ಪಂಗಡ “ಹೆಸರಾದರೂ ಉಳಿಯಿತಲ್ಲ” ಎಂದು ಸಂತೋಷಪಟ್ಟಿತು. ಇನ್ನೊಂದು ಪಂಗಡ ಇದನ್ನು ಜಾವಾ ಎಂದು ಕರೆಯಲೇ ಒಪ್ಪದು. ನಮ್ಮ ಓಣಿಯ ಮೇಸ್ತ್ರಿ ಕಾಕಾರನ್ನು ಕೇಳಿದೆ. “ಮಾರಿ ಅದ ಐತಿ ತಮ್ಮಾ, ದನಿ ಬ್ಯಾರೆ” ಎಂದರು.

ಎರಡನೆಯ ಪಂಗಡದವರು ಹೊಗೆಯ ಎಂಜಿನ್ನೇ ಬೇಕೆಂದರೆ ಅದು ಆಗದ ಮಾತು. ಆದರೂ ಅವರ ಒಂದು ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಹಳೆಯ ಸಿಲಿಂಡರಿನ ಮೇಲಿನ ಪದರಗಳು ಗಾಳಿಗೆ ತಣಿಯಲೆಂದು ಇದ್ದವು. ಹೊಸದರಲ್ಲಿ ತಣಿಸುವ ಕೆಲಸ ದ್ರವದ್ದು. ಪದರಗಳನ್ನು ಅಂದಕ್ಕಾಗಿ ಉಳಿಸಿ, ರೇಡಿಯೇಟರನ್ನು ಕಣ್ಣಿಗೆ ಬೀಳದಂತೆ ಚೌಕಟ್ಟಿನ ಕೊಳವೆಗಳ ನಡುವೆ ಅಡಗಿಸಿದ್ದಾರೆ. ನಾಟಕದ ಮೀಸೆಯಂತೆ ಇದು ದೂರಕ್ಕೆ ಚೆನ್ನ. ಹೊಸ ಎಂಜಿನ್ನನ್ನು ಹೊಸದಾಗಿಯೇ ತೋರಿಸುವ ಧೈರ್ಯ ಮಾಡಿದ್ದರೆ ಹಳಬರು ಇಷ್ಟು ಮುನಿಯುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಇನ್ನೊಂದು ಮಾತು ಕೈಕಸಬಿನದು. ಹೊಸ ಗಾಡಿಯ ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವುದು ಒಂದು ಪುಟ್ಟ ಗಣಕ. ಅದು ಕೆಟ್ಟರೆ ಪಾನೆ ಹಿಡಿದವನಿಗೆ ಕೆಲಸವಿಲ್ಲ. ನಮ್ಮ ಕಾಕಾರಂಥವರ ಕಿವಿ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿತ್ತು. ಮೈಸೂರಿನ ಕಾರಖಾನೆಯೂ ಮರಳಿ ತೆರೆಯಲಿಲ್ಲ. ಹೊಸ ಜಾವಾ ಬರುವುದು ಮಧ್ಯಪ್ರದೇಶದ ಪೀತಂಪುರದಿಂದ.

ಜುಲೈ ತಿಂಗಳ ಎರಡನೆಯ ರವಿವಾರ ಜಾವಾ-ಯೆಜ್ಡಿ ದಿನ. ಊರೂರುಗಳಲ್ಲಿ ಹಳೆಯ ಗಾಡಿಗಳನ್ನು ತೊಳೆದು, ಒರೆಸಿ, ಸಾಲಾಗಿ ಹೊರಡಿಸುತ್ತಾರೆ. ಕಾಕಾರ ಅಂಗಡಿಗೆ ಅದಕ್ಕೆ ಮೊದಲಿನ ವಾರ ಹೋದರೆ ಮಾತನಾಡಲು ಅವರಿಗೆ ಪುರಸೊತ್ತಿರುವುದಿಲ್ಲ.