ಜಾಲದ ಶಕ್ತಿಯನ್ನು ಅಳೆಯುವ ಬಗೆ

ಅಮೀರ್‌ಪೇಟ್‌ನ ತರಬೇತಿ ಕೇಂದ್ರಗಳಲ್ಲಿ ಕಂಪ್ಯೂಟರ್ ಕಲಿಯುವ ನಮ್ಮ ತರುಣರೂ, ಕಚೇರಿಗಳಲ್ಲಿ ದುಡಿಯುವ ನಾವೂ ‘ನೆಟ್‌ವರ್ಕ್ ನಿಧಾನ’ ಎಂದೊಡನೆ ಇಂಟರ್‌ನೆಟ್ ಕಂಪನಿಯನ್ನು ದೂರುತ್ತೇವೆ. ಹೆಚ್ಚಿನ ಹಣ ಕಟ್ಟುವ ಮುನ್ನ ದೋಷವು ಒಳಗೋ ಹೊರಗೋ ಎಂದು ನೋಡತಕ್ಕದ್ದು.

ಸ್ಪೀಡ್‌ಟೆಸ್ಟ್ ಹೊರಗಿನ ಸಂಪರ್ಕವನ್ನು ಅಳೆಯಲು ಇರುವುದು. ಪಿಂಗ್ ವಿಳಂಬವನ್ನು ತಿಳಿಸುತ್ತದೆ; ಸಾಮರ್ಥ್ಯವನ್ನಲ್ಲ. ಕಡತ ನಕಲು ಮಾಡಿ ನೋಡಿದರೆ ಡಿಸ್ಕಿನ ನಿಧಾನವೂ ಲೆಕ್ಕಕ್ಕೆ ಸೇರುತ್ತದೆ. ಒಳಜಾಲಕ್ಕೆ ತಕ್ಕ ಸಾಧನ ಐಪರ್ಫ್ 3, ಉಚಿತವಾಗಿ ದೊರೆಯುತ್ತದೆ. ಅದನ್ನು ಒಂದು ಕಂಪ್ಯೂಟರಿನಲ್ಲಿ ಸರ್ವರ್ ಆಗಿ ನಡೆಸಿ, ಇನ್ನೊಂದರಿಂದ ಪರೀಕ್ಷಿಸಬೇಕು.

ಗಿಗಾಬಿಟ್ ಜಾಲದಲ್ಲಿ ಕೇಬಲ್ ಮೂಲಕ ಸೆಕೆಂಡಿಗೆ ಸುಮಾರು 940 ಮೆಗಾಬಿಟ್ ಬರಬೇಕು. 94ರ ಆಸುಪಾಸಿನಲ್ಲೇ ನಿಂತರೆ ಹಳೆಯ ಸ್ವಿಚ್ಚನ್ನೋ ಕೇಬಲ್ಲನ್ನೋ ಶಂಕಿಸಬಹುದು. 100 ಮೆಗಾಬಿಟ್ಟಿಗೆ ಕೇಬಲ್ಲಿನ 4 ತಂತಿಗಳು ಸಾಕು. ಗಿಗಾಬಿಟ್ಟಿಗೆ ಎಂಟೂ ಬೇಕು. ಒಂದು ತಂತಿ ಕಡಿದಿದ್ದರೂ ವೇಗ ಇಳಿದೀತು. ಅಂಥ ದೋಷಕ್ಕೆ ಮದ್ದು ಹೊಸ ಕೇಬಲ್ಲು; ತಿಂಗಳ ಬಾಡಿಗೆ ಏರಿಸಿದರೆ ಗುಣವಾಗದು.