ಬಲೆಯ ಹಿಂದಿನ ಹುಲಿ

ಪ್ರಶ್ನೆ: ಪಿಲಿಕುಳ ಮೃಗಾಲಯದ ಹುಲಿಯ ಫೋಟೋದಲ್ಲಿ ತಂತಿಬಲೆಯೇ ಎದ್ದು ಕಾಣುತ್ತದೆ, ಏನು ಮಾಡಲಿ? ಇದನ್ನು ವನ್ಯಜೀವಿ ಛಾಯಾಗ್ರಹಣ ಎನ್ನಬಹುದೇ? (ಓದುಗರು, ಮೂಡುಬಿದಿರೆ)

ಉತ್ತರ: ತಡೆಬೇಲಿ ದಾಟದೆ ಆದಷ್ಟು ಬಲೆಯ ಹತ್ತಿರ ನಿಲ್ಲಿ. ಜೂಮ್ ಪೂರ್ತಿ ಚಾಚಿ, ಅಪರ್ಚರ್ ಎಫ್/4 ಅಥವಾ 5.6ಕ್ಕೆ ತೆರೆದು, ಹುಲಿ ಬಲೆಯಿಂದ ದೂರ ಸರಿದಾಗ ಕಣ್ಣಿಗೆ ಫೋಕಸ್ ಮಾಡಿ. ತಂತಿ ಮಸುಕಾಗಿ ಮರೆಯಾಗುತ್ತದೆ. ನೆರಳಿನಲ್ಲಿರುವ ತಂತಿಯಾದರೆ ಇನ್ನೂ ಸುಲಭ. ಫ್ಲ್ಯಾಶ್ ಬೇಡ: ಅದು ಬಲೆಯನ್ನೇ ಬೆಳಗಿಸುತ್ತದೆ, ಪ್ರಾಣಿಯನ್ನೂ ಬೆದರಿಸುತ್ತದೆ. ಇನ್ನು ಎರಡನೆಯ ಪ್ರಶ್ನೆ: ಬೋನಿನ ಪ್ರಾಣಿಯ ಚಿತ್ರಕ್ಕೆ ಬೆಲೆಯಿಲ್ಲ ಎನ್ನುವವರಿದ್ದಾರೆ. ಕಾಡಿನಲ್ಲಿ ಕಾಯುವ ಶ್ರಮ ಇಲ್ಲಿಲ್ಲ, ನಿಜ. ಆದರೆ ಮೀಸೆಯ ಬುಡದ ಚುಕ್ಕೆಗಳನ್ನು, ಕಿವಿಯ ಹಿಂಬದಿಯ ಬಿಳಿ ಮಚ್ಚೆಯನ್ನು ಹವ್ಯಾಸಿಯೊಬ್ಬ ಸಾವಧಾನವಾಗಿ ನೋಡಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆ ಚಿತ್ರದ ಹುಲಿಯನ್ನೇ ಬೆಳ್ತಂಗಡಿಯ ಮೇಲಿನ ಕುದುರೆಮುಖ ಕಾಡಿನ ಹುಲಿಯೆಂದು ನಂಬಿಸಿದರೆ ಮಾತ್ರ ಅದು ಮೋಸ. ಅಡಿಬರಹದಲ್ಲಿ ‘ಪಿಲಿಕುಳ ಮೃಗಾಲಯ’ ಎಂದು ಬರೆದು, ಹೆಮ್ಮೆಯಿಂದಲೇ ತೋರಿಸಿ.